ಸೆ ರುವೇಗಾ ಪುಂತ್ವಾಲಿದಾದ್

ಸ್ಪ್ಯಾನಿಷ್ ಮಾತಾಡುವವರ ಮನೆಯ ಮದುವೆ ಕಾಗದ ಎಂದಾದರೂ ನಿಮ್ಮ ಕೈಗೆ ಬಂದಿದ್ದರೆ ಗಮನಿಸಿರುತ್ತೀರಿ. ಹುಡುಗ ಹುಡುಗಿಯ ಹೆಸರು, ಅಪ್ಪ ಅಮ್ಮಂದಿರ ಹೆಸರು, ಚರ್ಚಿನ ವಿಳಾಸ, ಊಟದ ಜಾಗ ಎಲ್ಲ ಮುಗಿದ ಮೇಲೆ, ಕೆಳಗೆ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಇರುವುದುಂಟು: "ಸೆ ರುವೇಗಾ ಪುಂತ್ವಾಲಿದಾದ್." ಅರ್ಥ ಸರಳ. ದಯವಿಟ್ಟು ಹೊತ್ತಿಗೆ ಸರಿಯಾಗಿ ಬನ್ನಿ, ಅಷ್ಟೇ. ಆದರೆ ಅದನ್ನು ಹೇಳಿರುವ ರೀತಿ ಇದೆಯಲ್ಲ, ಅದು ಕನ್ನಡಿಗರಾದ ನಮಗೆ ಬಹಳ ಹತ್ತಿರದ್ದು. ಈ ಬಾರಿಯ ಸಂಚಿಕೆಗೆ ಅದನ್ನೇ ಸ್ವಲ್ಪ ಬಿಡಿಸಿ ಹೇಳೋಣ ಅಂದುಕೊಂಡಿದ್ದೇನೆ.

ಮೊದಲು ಪದಗಳು. 'ರೊಗಾರ್' ಅಂದರೆ ಬೇಡಿಕೊಳ್ಳುವುದು, ಪ್ರಾರ್ಥಿಸುವುದು. ಮೇರಿ ಮಾತೆಯನ್ನು ಬೇಡುವ ಪ್ರಾರ್ಥನೆಯಲ್ಲೂ ಇದೇ ಕ್ರಿಯಾಪದ ಬರುತ್ತದೆ. 'ರುವೇಗಾ' ಅದರ ಒಂದು ರೂಪ. ಅದರ ಹಿಂದೆ 'ಸೆ' ಎಂಬ ಪುಟ್ಟ ಪದ ಬಂದು ಕೂತರೆ ವಾಕ್ಯದಿಂದ ಕರ್ತೃ ಸದ್ದಿಲ್ಲದೆ ಎದ್ದು ಹೋಗುತ್ತಾನೆ. "ಸಮಯಪಾಲನೆಯನ್ನು ಪ್ರಾರ್ಥಿಸಲಾಗಿದೆ" ಎಂದಾಯಿತು. ಪ್ರಾರ್ಥಿಸಿದವರು ಯಾರು? ಹೇಳಿಲ್ಲ. ಯಾರನ್ನು ಪ್ರಾರ್ಥಿಸಿದರು? ಅದನ್ನೂ ಹೇಳಿಲ್ಲ. ಓದಿದವರಲ್ಲಿ ಸದಾ ತಡವಾಗಿ ಬರುವ ಸೋದರಮಾವ ಒಬ್ಬ ಇದ್ದಾನೆ ಅನ್ನಿ. ಅವನಿಗೆ ವಿಷಯ ಮುಟ್ಟುತ್ತದೆ, ಆದರೆ "ನನಗೇ ಅಂದದ್ದು" ಎಂದು ಮುನಿಸಿಕೊಳ್ಳಲು ಎಡೆಯೇ ಇಲ್ಲ. ಆಸ್ಪತ್ರೆ, ಗ್ರಂಥಾಲಯಗಳ ಗೋಡೆಯ ಮೇಲೆ ಕಾಣುವ "ಸೆ ರುವೇಗಾ ಸಿಲೆನ್ಸಿಯೊ", ಅಂದರೆ ಮೌನ ಕೋರಲಾಗಿದೆ ಎಂಬ ಬೋರ್ಡೂ ಇದೇ ಜಾತಿಯದು.

ನಮ್ಮ ಲಗ್ನಪತ್ರಿಕೆಗಳನ್ನು ನೆನಪಿಸಿಕೊಳ್ಳಿ. "ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ." ವಿನಂತಿ, ಚುಕ್ಕೆ. ಕ್ರಿಯಾಪದವೂ ಇಲ್ಲ, ಕರ್ತೃವೂ ಇಲ್ಲ. "ನಾನು ನಿಮ್ಮನ್ನು ಬೇಡಿಕೊಳ್ಳುತ್ತಿದ್ದೇನೆ" ಎಂದು ಬರೆದರೆ ಎಷ್ಟು ವಿಚಿತ್ರವಾಗಿರುತ್ತಿತ್ತು ನೋಡಿ. ಹಾಗಾಗಿ ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಈ 'ಸೆ' ಎಂಬುದನ್ನು ಕಂಡು ಗಾಬರಿಯಾಗಬೇಕಿಲ್ಲ. 'ಲಾಗಿದೆ' ಎಂದು ಕೊನೆಗೊಳ್ಳುವ ಸರ್ಕಾರಿ ಕನ್ನಡ ಓದಿ ಬೆಳೆದವರು ನಾವು.

ಉಚ್ಚಾರಣೆಯಲ್ಲೂ ನಮಗೆ ಲಾಭವೇ. ಸ್ಪ್ಯಾನಿಷ್‌ನ ತ, ದ ನಮ್ಮವೇ, ನಾಲಗೆ ಹಲ್ಲಿಗೆ ತಾಗಬೇಕು. ಪದದ ಮೊದಲಿನ ರಕಾರವನ್ನು ಮಾತ್ರ ಎರಡೆರಡು ರಕಾರ ಒಟ್ಟಿಗೆ ಉರುಳಿಸಿದಂತೆ ಗಟ್ಟಿಯಾಗಿ ಹೇಳಬೇಕು. ಪುಂತ್ವಾಲಿದಾದ್ ಎಂಬುದರಲ್ಲಿ ಒತ್ತು ಕೊನೆಯ 'ದಾ' ಮೇಲೆ. ಅದರ ತುದಿಯ 'ದ್' ಎಷ್ಟು ಮೆತ್ತಗೆಂದರೆ ಹಲವರ ಬಾಯಲ್ಲಿ ಕೇಳಿಸುವುದೇ ಇಲ್ಲ.

'ಪುಂತೊ' ಅಂದರೆ ಚುಕ್ಕೆ, ಬಿಂದು. ಲ್ಯಾಟಿನ್ನಿನ 'ಪುಂಕ್ತುಮ್' ಅದರ ಮೂಲ. "ಎಂಟಕ್ಕೆ ಸರಿಯಾಗಿ" ಎನ್ನಲು ಸ್ಪ್ಯಾನಿಷ್‌ನಲ್ಲಿ "ಆ ಲಾಸ್ ಓಚೊ ಎನ್ ಪುಂತೊ", ಎಂಟರ ಚುಕ್ಕೆಯ ಮೇಲೆ, ಅನ್ನುತ್ತಾರೆ. ನಮ್ಮಲ್ಲಿ ಈ ಗುಣಕ್ಕೆ ಒಂದು ಮನೆಮಾತಿನ ಪದ ಇಲ್ಲದಿರುವುದು ನನಗೆ ಯಾವಾಗಲೂ ಕುತೂಹಲದ ಸಂಗತಿ. 'ಸಮಯಪಾಲನೆ' ಶಾಲೆಯ ಭಾಷಣ ಸ್ಪರ್ಧೆಯ ಪದ. 'ಸಮಯಪ್ರಜ್ಞೆ' ಅನ್ನುವವರೂ ಇದ್ದಾರೆ, ಆದರೆ ನಾನು ಕೇಳಿ ಬೆಳೆದ ಅರ್ಥದಲ್ಲಿ ಅದು ಸಂದರ್ಭಕ್ಕೆ ತಕ್ಕಂತೆ ಥಟ್ಟನೆ ಬುದ್ಧಿ ಓಡಿಸುವುದು. ಆಡುಮಾತಿನಲ್ಲಿ ನಾವು ಹೇಳುವುದು "ಪಂಕ್ಚುಯಲ್ಲಾಗಿ ಬಂದ್ಬಿಡಿ" ಎಂದೇ.

ಇನ್ನು ಈ ಲೇಖನ ಬರೆಯಲು ಕಾರಣವಾದ ಪ್ರಶ್ನೆ. ನಮ್ಮ ಬಳಗದ ಗೆಳತಿಯೊಬ್ಬರ ಮನೆಯಲ್ಲಿ ಊರಿನಿಂದ ಬಂದ ತಾಯಿ ಇದ್ದಾರೆ. ವಯಸ್ಸಾಗಿದೆ, ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಗಳು ಇನ್ಸುಲಿನ್ ಚುಚ್ಚಿ ರೈಲು ಹಿಡಿಯಲು ಓಡುತ್ತಾರೆ. ತಿಂಡಿ ಕೊಟ್ಟು ಹಗಲೆಲ್ಲ ಜೊತೆಗಿರುವುದು ಎಲ್ ಸಾಲ್ವದೋರ್ ದೇಶದಿಂದ ಬಂದ ಒಬ್ಬ ಹೆಂಗಸು. ಎರಡು ಬಸ್ಸು ಬದಲಿಸಿ ಬರುತ್ತಾರೆ. ಬಹಳ ಒಳ್ಳೆಯವರು, ತಾಯಿಗೆ ಅವರನ್ನು ಕಂಡರೆ ಪ್ರಾಣ, ಇಬ್ಬರಿಗೂ ಒಂದೇ ಒಂದು ಸಾಮಾನ್ಯ ಭಾಷೆ ಇಲ್ಲದಿದ್ದರೂ! ತೊಂದರೆ ಎಂದರೆ ಎಂಟು ಎಂಬುದು ಕೆಲವು ದಿನ ಎಂಟೂಕಾಲು ಆಗುತ್ತದೆ, ಎಂಟೂವರೆಯೂ ಆದದ್ದುಂಟು. ಇನ್ಸುಲಿನ್ ಹೋದ ಮೇಲೆ ಹೊಟ್ಟೆಗೆ ಏನೂ ಬೀಳದೆ ಹೊತ್ತು ಕಳೆದರೆ ಏನಾಗುತ್ತದೆಂದು ಮನೆಯಲ್ಲಿ ಸಕ್ಕರೆ ಕಾಯಿಲೆಯವರಿರುವ ಎಲ್ಲರಿಗೂ ಗೊತ್ತು. "ಗದರಿಸಿದ ಹಾಗೆ ಆಗಬಾರದು ಕಣ್ರೀ, ಆದರೆ ಎಂಟು ಅಂದರೆ ಎಂಟೇ ಅಂತ ಗೊತ್ತಾಗಬೇಕು. ಸ್ಪ್ಯಾನಿಷ್‌ನಲ್ಲಿ ಹೇಗೆ ಹೇಳಲಿ?" ಎಂದು ಕೇಳಿದರು.

ಪ್ರವಾಸಿಗರ ಪುಸ್ತಕ ತೆರೆದರೆ ಸಿಗುವ ವಾಕ್ಯ "ಸೆಯಾ ಪುಂತ್ವಾಲ್, ಪೊರ್ ಫವೋರ್." ಸಮಯಕ್ಕೆ ಸರಿಯಾಗಿರಿ, ದಯವಿಟ್ಟು. ವ್ಯಾಕರಣದಲ್ಲಿ ಏನೂ ತಪ್ಪಿಲ್ಲ, ಬಹುವಚನದ ಗೌರವವೂ ಇದೆ. ಆದರೆ ಐವತ್ತು ದಾಟಿದ ಹೆಂಗಸಿಗೆ, ಅದೂ ಸಂಬಳ ಕೊಡುವವರು ಹೇಳಿದರೆ, ಅದು ಕ್ಲಾಸ್ ಟೀಚರ್ ಹಾಜರಿ ಪುಸ್ತಕ ಹಿಡಿದು ನಿಂತಂತೆ. ಕನ್ನಡದಲ್ಲೂ "ಸಮಯಪಾಲನೆ ಮಾಡಿ" ಎಂದು ಮನೆಗೆ ಬರುವವರಿಗೆ ಯಾರಾದರೂ ಹೇಳುತ್ತಾರೆಯೆ? ಹಾಗೆಂದು "ಸೆ ರುವೇಗಾ ಪುಂತ್ವಾಲಿದಾದ್" ಅನ್ನುವಂತೆಯೂ ಇಲ್ಲ. ಅದು ಅಚ್ಚಿನ ಭಾಷೆ. ಅಡುಗೆ ಮನೆಯಲ್ಲಿ ನಿಂತು ಬಾಯಲ್ಲಿ ಅಂದರೆ ಲಗ್ನಪತ್ರಿಕೆ ಓದಿದಂತಾಗಿ ಇಬ್ಬರಿಗೂ ನಗು ಬಂದೀತು.

ಬಾಯಿಮಾತಿಗೆ ಬೇರೆ ದಾರಿ ಇದೆ. ಅದಕ್ಕೆ ಹೋಗುವ ಮೊದಲು, ಸ್ಪ್ಯಾನಿಷ್‌ನಲ್ಲಿ ತಡವಾಗುವುದು ಎಂದರೇನು ಎಂಬುದನ್ನು ನೋಡಬೇಕು.

ಇಂಗ್ಲಿಷಿನವನು "ಐ ಯಾಮ್ ಲೇಟ್" ಅನ್ನುತ್ತಾನೆ. ನಾನೇ ಲೇಟು. ಸ್ಪ್ಯಾನಿಷ್‌ನವನು ಹಾಗೂ ಹೇಳಬಲ್ಲ, ಆದರೆ ಅವನ ಬಾಯಿಗೆ ಸುಲಭವಾಗಿ ಬರುವುದು "ಸೆ ಮೆ ಇಸೊ ತಾರ್ದೆ." ಪದಕ್ಕೆ ಪದ ಇಟ್ಟರೆ: ನನಗೆ ತಡವಾಯಿತು. ಹೌದು, ನಮ್ಮ ವಾಕ್ಯವೇ! 'ನಾನು' ಅಲ್ಲ, 'ನನಗೆ'. ಹಸಿವಾಯಿತು, ನೆಗಡಿಯಾಯಿತು, ಮರೆತುಹೋಯಿತು ಎಂಬಂತೆ ತಡವೂ ಮನುಷ್ಯನಿಗೆ ಬಂದೊದಗುವ ಒಂದು ಸಂಗತಿ. ಮರೆತಾಗಲೂ ಅವರು "ಸೆ ಮೆ ಒಲ್ವಿದೊ", ನನಗೆ ಮರೆತುಹೋಯಿತು, ಎನ್ನುತ್ತಾರೆ. ಬಟ್ಟಲು ಒಡೆದರೆ "ಸೆ ಮೆ ರೊಂಪಿಯೊ", ನನ್ನ ಕೈಯಲ್ಲಿ ಅದು ಒಡೆದುಹೋಯಿತು. ಹೊಣೆ ತಪ್ಪಿಸಿಕೊಳ್ಳುವ ಉಪಾಯ ಎಂದು ಇಂಗ್ಲಿಷ್ ಮಾತಾಡುವ ಮೇಷ್ಟ್ರುಗಳು ಇದನ್ನು ನೋಡಿ ನಗುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಬಸ್ಸು ಬಾರದೆ ತಡವಾದವಳಿಗೆ "ನನಗೆ ತಡವಾಯಿತು" ಎಂಬುದೇ ನಿಜವಾದ ವರದಿ.

'ತಾರ್ದೆ' ಎಂಬ ಪದವನ್ನು ನೆನಪಿಡಲು ನಮ್ಮ 'ತಡ' ಸಾಕು. ಸಂಬಂಧ ಏನೂ ಇಲ್ಲ, ಬರೀ ಕಾಕತಾಳೀಯ. ನಮ್ಮದು ದ್ರಾವಿಡ ಮೂಲದ್ದು, ಅವರದು ಲ್ಯಾಟಿನ್ನಿನಿಂದ ಬಂದದ್ದು. ಆದರೆ ತಾರ್ದೆಗೆ ಇನ್ನೊಂದು ಅರ್ಥವಿದೆ: ಮಧ್ಯಾಹ್ನ ಮತ್ತು ಸಂಜೆ. "ಬುವೆನಾಸ್ ತಾರ್ದೆಸ್" ಎಂದು ನಮಸ್ಕಾರ ಹೇಳುತ್ತಾರಲ್ಲ, ಅದೇ. ಮಧ್ಯಾಹ್ನದ ಮೇಲೆ ಬಂದದ್ದೆಲ್ಲ ತಡವೇ ಎಂಬ ಹಳೆಯ ಲೆಕ್ಕ ಇರಬೇಕು. ನಾವು 'ಹೊತ್ತಾಯಿತು' ಅನ್ನುವುದೂ ಹೊತ್ತು ಏರಿತು, ಹೊತ್ತು ಇಳಿಯಿತು ಎಂದು ಸೂರ್ಯನನ್ನು ನೋಡಿ ಹೇಳಿದ ಮಾತೇ ತಾನೆ. ಸ್ಪೇನಿನಲ್ಲಿ ಈ ತಾರ್ದೆ ಬಹಳ ಉದ್ದ. ರಾತ್ರಿ ಎಂಟು ಗಂಟೆಗೂ "ಓಚೊ ದೆ ಲಾ ತಾರ್ದೆ" ಅನ್ನುತ್ತಾರೆ. ಅದಕ್ಕೆ ಒಂದು ಕಾರಣ ಗಡಿಯಾರದಲ್ಲೇ ಇದೆ. ಭೂಪಟದ ಪ್ರಕಾರ ಸ್ಪೇನ್ ಲಂಡನ್ನಿನ ಸಮಯದಲ್ಲಿರಬೇಕಾದ ದೇಶ. 1940ರಲ್ಲಿ ಫ್ರಾಂಕೊ ಆಡಳಿತ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿ ಮಧ್ಯ ಯುರೋಪಿನ ಸಮಯಕ್ಕೆ ಸೇರಿಸಿತು. ಮತ್ತೆ ಹಿಂದಕ್ಕೆ ತಂದದ್ದೇ ಇಲ್ಲ. ಹೀಗಾಗಿ ಅಲ್ಲಿ ಸೂರ್ಯ ಮುಳುಗುವುದೇ ತಡ, ಅದರ ಹಿಂದೆ ಊಟವೂ ತಡ.

ಸರಿ, ಬಾಯಿಮಾತಿಗೆ ಬರೋಣ. ಗೆಳತಿಗೆ ನಾನು ಬರೆದುಕೊಟ್ಟ ವಾಕ್ಯ ಇದು: "ಲೆ ಅಗ್ರಾದೆಸೆರಿಯಾ ಕೆ ಯೆಗಾರಾ ಆ ಲಾಸ್ ಓಚೊ ಎನ್ ಪುಂತೊ."

ನೋಡಲು ಉದ್ದ, ಒಳಗೆ ಸರಳ. 'ಅಗ್ರಾದೆಸೇರ್' ಅಂದರೆ ಕೃತಜ್ಞತೆ ಹೇಳುವುದು. 'ಅಗ್ರಾದೆಸೆರಿಯಾ' ಅಂದರೆ ಹೇಳುತ್ತಿದ್ದೆ, ಹೇಳಿಯೇನು. 'ಯೆಗಾರ್' ತಲುಪುವುದು. 'ಯೆಗಾರಾ' ಎಂಬುದು ನೋಡಲು ಭೂತಕಾಲದ ಛಾಯೆಯುಳ್ಳ ಒಂದು ಸಂಶಯರೂಪ. ಒಟ್ಟು ಅರ್ಥ: "ನೀವು ಎಂಟಕ್ಕೆ ಸರಿಯಾಗಿ ಬಂದಿದ್ದರೆ ಉಪಕಾರವಾಗುತ್ತಿತ್ತು." ಬರಬೇಕಾದದ್ದು ನಾಳೆ. ಕ್ರಿಯಾಪದ ಮಾತ್ರ ನಿನ್ನೆಯದರಂತೆ ಹಿಂದಕ್ಕೆ ಸರಿದು ನಿಂತಿದೆ. ಸ್ಪ್ಯಾನಿಷ್ ಕಲಿಸುವ ತರಗತಿಗಳಲ್ಲಿ ಇಂಗ್ಲಿಷ್ ಮನೆಮಾತಿನವರು ತಿಂಗಳುಗಟ್ಟಲೆ ಒದ್ದಾಡುವ ಜಾಗ ಇದು. ನಮಗೇಕೆ ಒದ್ದಾಟ? "ನಿಮ್ಮ ಹತ್ರ ಒಂದು ಮಾತು ಕೇಳಬೇಕಿತ್ತು" ಎಂದು ಎದುರಿಗೆ ನಿಂತೇ ಕೇಳುವವರು ನಾವು. ಕೇಳಬೇಕಿತ್ತು, ಇನ್ನೂ ಕೇಳಿಲ್ಲ! "ಸ್ವಲ್ಪ ದುಡ್ಡು ಬೇಕಾಗಿತ್ತು" ಎನ್ನುವವನಿಗೆ ಬೇಕಾಗಿರುವುದು ಈಗಲೇ. ಬೇಡಿಕೆಯನ್ನು ಭೂತಕಾಲಕ್ಕೆ ದೂಡಿದರೆ ಎದುರಿನವರಿಗೆ ಇಲ್ಲ ಅನ್ನಲು ಸ್ವಲ್ಪ ಜಾಗ ಸಿಗುತ್ತದೆ. ಆ ಜಾಗವೇ ಮರ್ಯಾದೆ. ಎರಡು ಭಾಷೆಗಳೂ ಒಂದರ ಪರಿಚಯ ಇನ್ನೊಂದಕ್ಕಿಲ್ಲದೆ ಒಂದೇ ಕಡೆ ಬಂದು ನಿಂತಿವೆ.

ಮೊದಲ ಪದ 'ಲೆ' ಎಂಬುದು 'ಉಸ್ತೆದ್' ಎಂಬ ಗೌರವದ ಸರ್ವನಾಮಕ್ಕೆ ಸೇರಿದ್ದು. ಇದರ ಚರಿತ್ರೆ ಸೊಗಸಾಗಿದೆ. ಹಿಂದೆ ದೊಡ್ಡವರನ್ನು 'ವುವೆಸ್ತ್ರಾ ಮೆರ್ಸೆದ್', ಅಂದರೆ ತಮ್ಮ ದಯೆ ಎಂದು ಸಂಬೋಧಿಸುತ್ತಿದ್ದರು. ಬಾಯಿಂದ ಬಾಯಿಗೆ ಸವೆದು ಅದು ಉಸ್ತೆದ್ ಆಯಿತು. ಹಾಗಾಗಿ ಉಸ್ತೆದ್ ಜೊತೆ ಬರುವ ಕ್ರಿಯಾಪದ ಮಧ್ಯಮ ಪುರುಷದ್ದಲ್ಲ, ಪ್ರಥಮ ಪುರುಷದ್ದು. ಎದುರಿಗೆ ಕೂತವರ ಬಗ್ಗೆ ಅಲ್ಲಿಲ್ಲದವರ ಬಗ್ಗೆ ಹೇಳಿದಂತೆ ಹೇಳುವುದು. ನಮ್ಮ 'ತಾವು' ಕೂಡ ಮೂಲತಃ 'ತಾನು' ಎಂಬುದರ ಬಹುವಚನ, "ಅವರು ತಾವೇ ಬಂದರು" ಅನ್ನುವಾಗಿನ ತಾವು. ದಯೆಯ ವಿಷಯಕ್ಕೆ ಬಂದರೆ ನಾವು ಇನ್ನೂ ಒಂದು ಹೆಜ್ಜೆ ಮುಂದೆ. 'ದಯಮಾಡಿಸಿ' ಎಂದರೇ ಬನ್ನಿ ಎಂದರ್ಥ. ಬರುವುದೇ ಒಂದು ದಯೆ!

ಎಲ್ ಸಾಲ್ವದೋರ್‌ನಲ್ಲಿ ಆಪ್ತರನ್ನು 'ವೋಸ್' ಎಂದು ಏಕವಚನದಲ್ಲಿ ಕರೆಯುವ ರೂಢಿ ಇದೆ. ಮೆಕ್ಸಿಕೊದವರಾದರೆ 'ತು'. ಅಮೆರಿಕದ ಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ಈ 'ತು' ರೂಪವನ್ನೇ. ಮನೆಗೆ ಬಂದು ಆ ಮಕ್ಕಳು ತೋಟದ ಕೆಲಸದ ಹಿರಿಯರನ್ನು ಅದರಲ್ಲೇ ಮಾತಾಡಿಸುತ್ತಾರೆ. ಕನ್ನಡದಲ್ಲಿ ಅಜ್ಜನ ವಯಸ್ಸಿನವರನ್ನು 'ನೀನು' ಎಂದರೆ ನಮಗೆ ಮೈ ಜುಂ ಅನ್ನುತ್ತದೆ. ಇಲ್ಲಿ ಮಾತ್ರ ಸುಮ್ಮನಿರುತ್ತೇವೆ, ಯಾಕೆಂದರೆ ನಮಗೆ ಗೊತ್ತಾಗುವುದಿಲ್ಲ. ಒಂದು ವೇಳೆ ಹೆಸರು ಗೊತ್ತಿದ್ದರೆ ಅದರ ಹಿಂದೆ ಗಂಡಸರಿಗೆ 'ದೋನ್', ಹೆಂಗಸರಿಗೆ 'ದೋನ್ಯಾ' ಸೇರಿಸಬಹುದು. ದೋನ್ ಪೆದ್ರೊ ಅಂದರೆ ಹೆಚ್ಚುಕಡಿಮೆ ನಮ್ಮ ರಾಮಣ್ಣನವರು, ಶಾಮರಾಯರು ಇದ್ದ ಹಾಗೆ. ಮನೆತನದ ಹೆಸರಿಗೆ ಅಲ್ಲ, ಕರೆಯುವ ಹೆಸರಿಗೇ ಅಂಟುವ ಗೌರವ.

ಇಷ್ಟು ಹೇಳಿ ನಿಲ್ಲಿಸಬಾರದು. ಕಾರಣ ಕೊಡಬೇಕು. ಕಾರಣಕ್ಕೆ ಸ್ಪ್ಯಾನಿಷ್‌ನಲ್ಲಿ ಒಂದು ಸಿದ್ಧ ಬಾಗಿಲು ಇದೆ: "ಎಸ್ ಕೆ." ನಮ್ಮ "ವಿಷಯ ಏನಂದ್ರೆ" ಎಂಬುದರ ಅಣ್ಣ. "ಎಸ್ ಕೆ ಮಿ ಮಮಾ ತಿಯೆನೆ ಕೆ ದೆಸಾಯುನಾರ್ ಆ ಎಸಾ ಓರಾ." ಏನಂದ್ರೆ, ನಮ್ಮಮ್ಮ ಆ ಹೊತ್ತಿಗೆ ತಿಂಡಿ ತಿನ್ನಲೇಬೇಕು. ಈಗ ಎಂಟು ಗಂಟೆ ಎಂಬುದು ಯಜಮಾನಿಯ ಶಿಸ್ತು ಅಲ್ಲ, ತಾಯಿಯ ಹೊಟ್ಟೆಯ ಮಾತು. ಗೆಳತಿ ಹೇಳಿದ ಪ್ರಕಾರ ಆ ಹೆಂಗಸು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಇನ್ಸುಲಿನ್ ಕೊಟ್ಟಾಗಿರುತ್ತದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅವರ ಪ್ರಕಾರ ತಾವು ಬರುವುದು ಮುದುಕಿಗೆ ಜೊತೆಯಾಗಿರಲು, ಹತ್ತು ನಿಮಿಷ ಆಚೀಚೆ ಆದರೆ ಏನು ಎಂದು. ಮಾರನೆಯ ದಿನದಿಂದ ಒಂದು ಬಸ್ಸು ಮೊದಲೇ ಹಿಡಿದರು. ಅಂದಮೇಲೆ ಬದಲಾವಣೆ ತಂದದ್ದು ನನ್ನ ಸಂಶಯರೂಪವೋ 'ಎಸ್ ಕೆ'ಯೋ ಎಂದು ಕೇಳಿದರೆ ಎರಡನೆಯದಕ್ಕೇ ನನ್ನ ಓಟು. ಆದರೆ ಮೊದಲನೆಯದು ಇಲ್ಲದೆ ಎರಡನೆಯದನ್ನು ಅವರು ಕಿವಿಗೊಟ್ಟು ಕೇಳುತ್ತಿದ್ದರೋ ಇಲ್ಲವೋ.

ಇಲ್ಲಿ ಇನ್ನೊಂದು ವಿಷಯವಿದೆ. ಲ್ಯಾಟಿನ್ ಅಮೆರಿಕದ ಹಲವು ಕಡೆ ಮನೆಯ ಪಾರ್ಟಿಗೆ ಏಳಕ್ಕೆ ಬನ್ನಿ ಎಂದರೆ ಏಳಕ್ಕೆ ಹೋಗಕೂಡದು. ಹೋದರೆ ಮನೆಯಾಕೆ ಇನ್ನೂ ಸ್ನಾನಕ್ಕೆ ಹೊರಟಿರುತ್ತಾಳೆ. ಆದ್ದರಿಂದ ಕರೆ ಬಂದಾಗ ತಮಾಷೆಯಾಗಿ ಕೇಳುವುದುಂಟು: ಇದು 'ಓರಾ ಇಂಗ್ಲೆಸಾ'ವೋ ನಮ್ಮ ಹೊತ್ತೋ? ಓರಾ ಇಂಗ್ಲೆಸಾ ಅಂದರೆ ಇಂಗ್ಲಿಷರ ಗಂಟೆ, ಹೇಳಿದ ಹೊತ್ತಿಗೆ ಹೇಳಿದ್ದು. ಹೀಗೆ ನೋಡಿದರೆ 'ಸೆ ರುವೇಗಾ ಪುಂತ್ವಾಲಿದಾದ್' ಎಂಬ ಸಾಲು ಬೈಗುಳವೂ ಅಲ್ಲ, ಉಪದೇಶವೂ ಅಲ್ಲ. ಈ ಸಮಾರಂಭಕ್ಕೆ ಯಾವ ಗಡಿಯಾರ ಎಂದು ತಿಳಿಸುವ ಸೂಚನೆ. ಆ ಸಾಲು ಇಲ್ಲದ ಕಡೆ ಅರ್ಧ ಗಂಟೆ ತಡವಾಗಿ ಹೋಗುವವನು ಕೂಡ ತನ್ನ ಪ್ರಕಾರ ಸರಿಯಾದ ಹೊತ್ತಿಗೇ ಹೋಗುತ್ತಿದ್ದಾನೆ.

ನಮಗೂ ಎರಡು ಗಡಿಯಾರ ಇಲ್ಲವೆ? ಧಾರೆಯ ಮುಹೂರ್ತ 9-40ರಿಂದ 10-25ರೊಳಗೆ ಎಂದು ನಿಮಿಷ ಎಣಿಸಿ ಅಚ್ಚು ಹಾಕಿಸುತ್ತೇವೆ. ಪುರೋಹಿತರು ಗಡಿಯಾರ ನೋಡಿಕೊಂಡೇ ಗಟ್ಟಿಮೇಳಕ್ಕೆ ಕೈ ಎತ್ತುತ್ತಾರೆ. ರಾಹುಕಾಲ ಬಂದರೆ ಐದು ನಿಮಿಷ ಮೊದಲೇ ಮನೆಯಿಂದ ಹೊರಗೆ ಕಾಲಿಡುತ್ತೇವೆ. ಅದೇ ಮದುವೆಯ ಆರತಕ್ಷತೆ ಸಂಜೆ 7ಕ್ಕೆ ಎಂದಿದ್ದರೆ ಏಳಕ್ಕೆ ಛತ್ರದಲ್ಲಿ ಇರುವವರು ಹೂವಿನ ಅಲಂಕಾರದವರು ಮಾತ್ರ. ನಮ್ಮವರಿಗೆ ಹೊತ್ತಿನ ಪರಿವೆ ಇಲ್ಲ ಎನ್ನುವುದು, ಇಂಡಿಯನ್ ಸ್ಟ್ರೆಚಬಲ್ ಟೈಮ್ ಎಂದು ಪ್ರತಿ ಸಂಘದ ಕಾರ್ಯಕ್ರಮದಲ್ಲೂ ಮೈಕಿನ ಮುಂದೆ ಹಳಸಲು ನಗೆಹನಿ ಹೇಳುವುದು, ಈ ಕಾರಣಕ್ಕೇ ನನಗೆ ಒಪ್ಪಿಗೆಯಾಗುವುದಿಲ್ಲ. ಸ್ಪೇನಿನಲ್ಲೂ ಇಂಥದೇ ಒಂದು ಮಾತಿದೆ: ದೇಶದಲ್ಲಿ ಹೊತ್ತಿಗೆ ಸರಿಯಾಗಿ ಶುರುವಾಗುವುದು ಗೂಳಿಕಾಳಗ ಒಂದೇ ಎಂದು. ಸಾಹಿತ್ಯದ ಓದುಗರಿಗೆ ಇಲ್ಲಿ ಲೋರ್ಕಾ ನೆನಪಾಗಬೇಕು. 1934ರ ಆಗಸ್ಟ್‌ನಲ್ಲಿ ಗೂಳಿಯ ಕೊಂಬಿಗೆ ಸಿಕ್ಕು ಸತ್ತ ಗೆಳೆಯ ಇಗ್ನಾಸಿಯೊ ಸಾಂಚೆಸ್ ಮೆಹಿಯಾಸ್ ಕುರಿತು ಆತ ಬರೆದ ಶೋಕಗೀತೆಯ ಮೊದಲ ಭಾಗದಲ್ಲಿ, ಸಂಜೆಯ ಐದರ ಹೊತ್ತು ಪಲ್ಲವಿಯಂತೆ ಮತ್ತೆ ಮತ್ತೆ ಬಡಿಯುತ್ತದೆ. ಕಾಳಗದ ನಿಖರವಾದ ಹೊತ್ತೇ ಸಾವಿನ ನಿಖರವಾದ ಹೊತ್ತಾಗುವ ಆ ಬಡಿತದಲ್ಲಿ 'ತಾರ್ದೆ' ಎಂಬ ಪದದ ಎರಡನೆಯ ಅರ್ಥವೂ, ತಡವಾಯಿತು ಎಂಬುದೂ, ಒಳಗೊಳಗೇ ಕೇಳಿಸುತ್ತದೆ ಎಂದು ನನ್ನ ಭಾವನೆ. ಕನ್ನಡಕ್ಕೆ ತರುವವರು 'ಸಂಜೆ' ಎಂದ ಕೂಡಲೇ ಆ ಅರ್ಥ ಕಳೆದುಹೋಗುತ್ತದೆ. 'ಹೊತ್ತು ಇಳಿದಾಗ' ಎಂದರೆ ಸ್ವಲ್ಪ ಉಳಿದೀತೇನೋ. ನಮ್ಮ ಬಳಗದ ಅನುವಾದಕರು ಯೋಚಿಸಬಹುದು.

ಸ್ಪ್ಯಾನಿಷ್ ಜನ ಎಂದರೆ ಎಲ್ಲವನ್ನೂ 'ಮಾನ್ಯಾನಾ' ಎಂದು ನಾಳೆಗೆ ತಳ್ಳುವವರು ಎಂಬ ಹಗುರವಾದ ಮಾತು ಅಮೆರಿಕದಲ್ಲಿ ಬಹಳ ಹಳೆಯದು. ನಮ್ಮವರೂ ಅದನ್ನು ಬೇಗ ಕಲಿತುಬಿಡುತ್ತಾರೆ. ಆದರೆ ಈ ವಿಷಯದಲ್ಲಿ ಅವರನ್ನು ಎಲ್ಲರಿಗಿಂತ ಕಟುವಾಗಿ ಗೇಲಿ ಮಾಡಿದವನು ಅವರವನೇ. 1833ರ ಜನವರಿಯಲ್ಲಿ ಮರಿಯಾನೊ ಹೊಸೆ ದೆ ಲಾರ್ರಾ ಎಂಬ ಇಪ್ಪತ್ತಮೂರು ವರ್ಷದ ಪತ್ರಕರ್ತ "ವುವೆಲ್ವಾ ಉಸ್ತೆದ್ ಮಾನ್ಯಾನಾ" ಎಂಬ ಲೇಖನ ಬರೆದ. ನಾಳೆ ಬನ್ನಿ ಎಂದರ್ಥ. ಫ್ರಾನ್ಸಿನಿಂದ ಒಬ್ಬ ಮಹಾಶಯ ಹದಿನೈದು ದಿನದಲ್ಲಿ ಕೆಲಸ ಮುಗಿಸಿ ಹೋಗುತ್ತೇನೆಂದು ಮಾಡ್ರಿಡ್‌ಗೆ ಬರುತ್ತಾನೆ. ಅವನ ಹೆಸರೇ 'ತಡವಿಲ್ಲದವನು' ಎಂಬರ್ಥದ ಫ್ರೆಂಚ್ ಮಾತು. ವಂಶಾವಳಿ ಬರೆಯುವವನು, ದರ್ಜಿ, ಚಪ್ಪಲಿಯವನು, ಕಚೇರಿಯ ಅಧಿಕಾರಿ, ಎಲ್ಲ ಬಾಗಿಲಲ್ಲೂ ಒಂದೇ ಉತ್ತರ: ನಾಳೆ ಬನ್ನಿ. ತಿಂಗಳುಗಳು ಉರುಳಿದ ಮೇಲೆ ಬರಿಗೈಯಲ್ಲಿ ಊರಿಗೆ ಹೊರಡುತ್ತಾನೆ. ಕೊನೆಯಲ್ಲಿ ಲಾರ್ರಾ ತನ್ನ ಕಡೆಗೂ ಬೆರಳು ತಿರುಗಿಸುತ್ತಾನೆ: ಈ ಲೇಖನದ ತಲೆಬರಹ ಬರೆದಿಟ್ಟುಕೊಂಡು ಮೂರು ತಿಂಗಳ ಮೇಲಾಯಿತು, ದಿನವೂ ನಾಳೆ ಬರೆಯೋಣ ಅಂದುಕೊಂಡೆ ಎಂದು. ತಲೆಬರಹದಲ್ಲಿ ಉಸ್ತೆದ್ ಇರುವುದನ್ನು ಗಮನಿಸಿ. ತಿಂಗಳುಗಟ್ಟಲೆ ಅಲೆಸಿದರೂ ಮರ್ಯಾದೆಗೆ ಕಡಿಮೆ ಇಲ್ಲ! ನಮ್ಮ ತಾಲೂಕು ಕಚೇರಿಗಳನ್ನು ಕಂಡವರಿಗೆ ಈ ಲೇಖನ ಓದುವಾಗ ದೇಶ ಬದಲಾಗಿದೆ ಎಂದು ಅನ್ನಿಸುವುದೇ ಇಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. ಲಾರ್ರಾ ಹೇಳಿದ ಕಚೇರಿ ಉಪಾಯವನ್ನೇ ನಮ್ಮವರು ದೆವ್ವದ ಮೇಲೆ ಪ್ರಯೋಗಿಸಿದರು, ಏಕವಚನದಲ್ಲಿ.

ಇತ್ತೀಚಿನ ಕಾಲದಲ್ಲಿ ಸರ್ಕಾರಗಳೂ ಸಂಘಗಳೂ ಇದಕ್ಕೆ ಕೈ ಹಾಕಿವೆ. ಎಕ್ವದೋರ್ ದೇಶದಲ್ಲಿ 2003ರ ಅಕ್ಟೋಬರ್‌ನಲ್ಲಿ ಒಂದು ನಾಗರಿಕ ಸಂಘಟನೆ ದೇಶವ್ಯಾಪಿ ಚಳವಳಿ ಶುರುಮಾಡಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ನಡಿಗೆ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಹೆಫರ್ಸನ್ ಪೆರೆಸ್ ಅದರ ಮುಖ. ಹೋಟೆಲ್ ಕೋಣೆಯ ಬಾಗಿಲಿಗೆ ತೂಗುಹಾಕುತ್ತಾರಲ್ಲ, ಅಂಥ ಒಂದು ಚೀಟಿ ಅಚ್ಚು ಹಾಕಿಸಿದ್ದರು. ಒಂದು ಕಡೆ "ಒಳಗೆ ಬನ್ನಿ, ಸರಿಯಾದ ಹೊತ್ತಿಗೆ ಬಂದಿದ್ದೀರಿ", ಇನ್ನೊಂದು ಕಡೆ "ಒಳಗೆ ಬರಬೇಡಿ, ಸಭೆ ಹೊತ್ತಿಗೆ ಸರಿಯಾಗಿ ಶುರುವಾಯಿತು" ಎಂಬರ್ಥದ ಸಾಲು. ಪೆರುವಿನಲ್ಲಿ 2007ರ ಮಾರ್ಚ್ 1ರಂದು ಅಧ್ಯಕ್ಷ ಅಲಾನ್ ಗಾರ್ಸಿಯಾ ಇನ್ನೊಂದನ್ನು ಉದ್ಘಾಟಿಸಿದರು. ನಡುಮಧ್ಯಾಹ್ನ ಸೈರನ್ ಕೂಗಿ ಚರ್ಚಿನ ಗಂಟೆ ಬಾರಿಸಿ ಎಲ್ಲರೂ ಕೈಗಡಿಯಾರ ಸರಿಮಾಡಿಕೊಳ್ಳಿ ಎಂದರು. ಅದರ ಘೋಷಣೆ "ಲಾ ಓರಾ ಸಿನ್ ದೆಮೊರಾ", ತಡವಿಲ್ಲದ ಹೊತ್ತು. ಓರಾ, ದೆಮೊರಾ ಎಂದು ಒಳ್ಳೆಯ ಅಂತ್ಯಪ್ರಾಸ. ಅಲ್ಲಿಯೂ ವಾಕ್ಯದಲ್ಲಿ ಮನುಷ್ಯನಿಲ್ಲ ನೋಡಿ. ಪೆರುವಿನವರೇ, ತಡಮಾಡಬೇಡಿ ಎಂದು ಬರೆಯಲಿಲ್ಲ. ಪೆರುವಿನವರು ಕೂಡಲೇ ಗಡಿಯಾರದಂತೆ ಓಡಾಡತೊಡಗಿದರು ಎಂದು ಮಾತ್ರ ಯಾರೂ ಹೇಳಿದ್ದು ಕೇಳಿಲ್ಲ.

ಈ ಕಡೆಯ ಕೋರಿಕೆಗೆ ಆ ಕಡೆಯಿಂದ ಬರುವ ಉತ್ತರಗಳನ್ನೂ ತಿಳಿದಿರುವುದು ಒಳ್ಳೆಯದು. ಫೋನು ಮಾಡಿ ಎಲ್ಲಿದ್ದೀರಿ ಎಂದು ಕೇಳಿದರೆ "ಯಾ ವೊಯ್" ಎನ್ನಬಹುದು. 'ಯಾ' ಎಂದರೆ ಆಗಲೇ, 'ವೊಯ್' ಎಂದರೆ ಹೋಗುತ್ತೇನೆ. ಇದೋ ಹೊರಟೆ ಎಂದರ್ಥ. ನಮ್ಮ "ಬಂದೆ!" ಗೊತ್ತಲ್ಲ, ಒಳಕೋಣೆಯಿಂದ ಕೂಗುವ ಬಂದೆ, ಬಂದದ್ದಲ್ಲ ಬರುವುದು. ಅದೇ ಇದು. ಎಷ್ಟು ನಂಬಬೇಕು ಎಂಬುದೂ ಅದೇ ಪ್ರಮಾಣದಲ್ಲಿ. ಆದರೆ ಮೆಕ್ಸಿಕೊದವರ 'ಅಓರಿತಾ' ಬಗ್ಗೆ ಎಚ್ಚರ. 'ಅಓರಾ' ಎಂದರೆ ಈಗ. ಅದಕ್ಕೆ ಮುದ್ದಿನ ಪ್ರತ್ಯಯ ಹಚ್ಚಿದರೆ ಅಓರಿತಾ, ಈಗಲೇ ಎಂಬ ಪುಟಾಣಿ ಈಗ. ಆದರೆ ಪುಟ್ಟದಾಗಿ ಕಾಣುವ ಈ ಈಗ ಐದು ನಿಮಿಷವೂ ಆಗಬಹುದು, ಸಂಜೆಯೂ ಆಗಬಹುದು. ಪೋರ್ಟೊ ರಿಕೊ, ಡೊಮಿನಿಕನ್ ಕಡೆಯವರ ಬಾಯಲ್ಲಂತೂ ಅದಕ್ಕೆ 'ಆಮೇಲೆ' ಎಂದೇ ಅರ್ಥ. ಎಂಟು ಗಂಟೆ ಬೇಕಿದ್ದರೆ ಎಂಟು ಎಂದೇ ಹೇಳಬೇಕು, ಬೇಗ, ಈಗ ಎಂಬ ಪದಗಳನ್ನು ನೆಚ್ಚಬಾರದು.

ಬರಹಕ್ಕೆ ಇನ್ನೂ ಮೃದುವಾದದ್ದು ಬೇಕಿದ್ದರೆ "ಅಗ್ರಾದೆಸೆಮೊಸ್ ಸು ಪುಂತ್ವಾಲಿದಾದ್", ತಾವು ಹೊತ್ತಿಗೆ ಬರುವುದಕ್ಕೆ ಕೃತಜ್ಞರು. ಬರುವ ಮೊದಲೇ ಕೃತಜ್ಞತೆ ಹೇಳಿ ಕಟ್ಟಿಹಾಕುವುದು. ನನಗೆ ಇದಕ್ಕಿಂತ ಇಷ್ಟವಾದದ್ದು "ಲೊಸ್ ಎಸ್ಪೆರಾಮೊಸ್ ಆ ಲಾಸ್ ಸಿಂಕೊ." 'ಎಸ್ಪೆರಾರ್' ಎಂಬ ಒಂದೇ ಕ್ರಿಯಾಪದಕ್ಕೆ ಕಾಯುವುದು, ಆಸೆಯಿಂದಿರುವುದು ಎಂಬ ಎರಡೂ ಅರ್ಥ. ಐದು ಗಂಟೆಗೆ ನಿಮ್ಮ ಹಾದಿ ನೋಡುತ್ತಿರುತ್ತೇವೆ. ನಾಲ್ಕೂವರೆಗೆ ಬಾಗಿಲಲ್ಲಿ ನಿಂತ ಅಜ್ಜಿಯ ಚಿತ್ರ ಅದರಲ್ಲೇ ಇದೆ, ಬೇರೆ ಏನೂ ಹೇಳಬೇಕಿಲ್ಲ. ಅಮ್ಮ ಮಗನಿಗೆ ಹೇಳುವುದಾದರೆ ಇದೊಂದೂ ಬೇಡ. "ನೊ ತಾರ್ದೆಸ್", ತಡ ಮಾಡಬೇಡ್ವೋ, ಸಾಕು.

ಕೊನೆಗೆ, ಈ ವಾಕ್ಯಗಳನ್ನು ಕಲಿಯುವವರು ತಿರುವುಮುರುವಿನದನ್ನೂ ಕಲಿತಿಟ್ಟುಕೊಳ್ಳುವುದು ಮೇಲು. ಸಂಜೆ ಐದಕ್ಕೆ ಅವರನ್ನು ಬಿಡುಗಡೆ ಮಾಡಬೇಕಾದ ನಾವು ಮೀಟಿಂಗು, ಟ್ರಾಫಿಕ್ಕು ಎಂದು ಆರಕ್ಕೆ ಮನೆ ಸೇರುವ ದಿನಗಳಿರುತ್ತವೆ. ಆಗ "ದಿಸ್ಕುಲ್ಪೆ ಲಾ ದೆಮೊರಾ, ಸೆ ಮೆ ಇಸೊ ತಾರ್ದೆ." ತಡವಾದದ್ದಕ್ಕೆ ಕ್ಷ���ಿಸಿ, ನನಗೆ ಹೊತ್ತಾಗಿಹೋಯಿತು. "ಗ್ರಾಸಿಯಾಸ್ ಪೊರ್ ಎಸ್ಪೆರಾರ್ಮೆ", ನನಗಾಗಿ ಕಾದಿದ್ದಕ್ಕೆ ಧನ್ಯವಾದ. ಅಂದ ಹಾಗೆ 'ಪುಂತ್ವಾಲ್' ಎಂಬ ವಿಶೇಷಣ ಸಂಬಳಕ್ಕೂ ಸಲ್ಲುತ್ತದೆ. 'ಪಾಗೊ ಪುಂತ್ವಾಲ್' ಎಂದರೆ ಹೇಳಿದ ದಿನಕ್ಕೆ ಕೈಗೆ ಬರುವ ದುಡ್ಡು.